ತಗ್ಗಿದ ಕಾರು, ತಗ್ಗದ ಹಂಪು

ಬೆಳಗಿನ ಒಂಬತ್ತು ಗಂಟೆಯ ಹೊತ್ತಿಗೆ ವೈಟ್‌ಫೀಲ್ಡಿನ ಯಾವುದಾದರೊಂದು ಒಳರಸ್ತೆಯಲ್ಲಿ ನಿಂತು ನೋಡುವವರಿಗೆ ಒಂದು ವಿನೋದದ ದೃಶ್ಯ ಆಗೊಮ್ಮೆ ಈಗೊಮ್ಮೆ ಕಣ್ಣಿಗೆ ಬೀಳುವುದುಂಟು. ಕನ್ನಡಿಯಂತೆ ಹೊಳೆಯುವ ಕಾರೊಂದು ನೆಲಕ್ಕೆ ಹೊಟ್ಟೆಯೂರಿದಂತೆ ತೆವಳುತ್ತ ಬಂದು ಹಂಪಿನ ಮುಂದೆ ತಟಕ್ಕನೆ ನಿಲ್ಲುತ್ತದೆ. ಚುಕ್ಕಾಣಿ ಹಿಡಿದ ತರುಣ ಹಿಂದಕ್ಕೆ ಕತ್ತು ತಿರುಗಿಸಿ, “ಅಪ್ಪ, ಒಂದು ನಿಮಿಷ ಇಳ್ಕೊಳ್ಳಿ. ಅಜ್ಜೀನೂ ಸ್ವಲ್ಪ ಇಳಿಸ್ಕೊಳ್ಳಿ” ಎನ್ನುತ್ತಾನೆ. ಮಂಡಿನೋವಿನ ಮುದುಕಿ ಮಗನ ತೋಳನ್ನಾತುಕೊಂಡು ರಸ್ತೆಗಿಳಿಯುತ್ತಾರೆ. ಭಾರ ಹಗುರವಾದ ಕಾರು ಮೈಯನ್ನು ಓರೆಮಾಡಿಕೊಂಡು, ಒಂದೊಂದೇ ಚಕ್ರವನ್ನು ಹಂಪಿನ ಮೇಲೆ ಏರಿಸಿ ಇಳಿಸಿ, ಆಚೆಯ ಬದಿಯಲ್ಲಿ ಕಾದು ನಿಲ್ಲುತ್ತದೆ. ಹಿಂದೆ ಸಾಲುಗಟ್ಟಿದ ವಾಹನಗಳ ಹಾರನ್ನು ಮುಗಿಲು ಮುಟ್ಟಿರುತ್ತದೆ.

ಹಿಂದೆ ಘಾಟಿಯ ಏರಿನಲ್ಲಿ ಎತ್ತುಗಳ ಮೇಲಿನ ಕನಿಕರದಿಂದ ಜನ ಗಾಡಿಯಿಂದಿಳಿದು ನಡೆಯುತ್ತಿದ್ದರು. ನೂರು ಕುದುರೆಗಳ ಶಕ್ತಿಯುಳ್ಳ ಯಂತ್ರದ ಮೇಲೆ ಕನಿಕರಪಟ್ಟು ಇಳಿಯಬೇಕಾದ ಕಾಲ ಬರಬಹುದೆಂದು ಆ ಅಜ್ಜಿ ಕನಸಿನಲ್ಲಿಯೂ ಎಣಿಸಿರಲಾರರು.

ಕಾರನ್ನು ಕಾರ್ಖಾನೆಯಿಂದ ಬಂದ ಎತ್ತರಕ್ಕಿಂತ ತಗ್ಗಿಸಿ ಓಡಿಸುವ ಹವ್ಯಾಸ ಬೆಂಗಳೂರಿನ ಹೊರವಲಯದ ತರುಣರಲ್ಲಿ ಬೇರೂರಿದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಚೇರಿಗಳಲ್ಲಿ ದುಡಿಯುವ ಹುಡುಗನಿಗೆ ಮೊದಲ ಕಾರೆಂದರೆ ಕೇವಲ ವಾಹನವಲ್ಲ. ಚಕ್ರಕ್ಕೂ ಅದರ ಮೇಲಿನ ಮಡ್‌ಗಾರ್ಡಿನ ಕಮಾನಿಗೂ ನಡುವೆ ನಾಲ್ಕು ಬೆರಳಿನ ಬಯಲು ಕಂಡರೆ ಅವನಿಗೆ ಮುಜುಗರ. ಅಳತೆ ತಪ್ಪಿ ಹೊಲಿದ ಷರಾಯಿ ತೊಟ್ಟು ಮದುವೆಮನೆಗೆ ಹೋದಷ್ಟು ಸಂಕೋಚ. ಹೊರದೇಶಗಳಲ್ಲಿ ತಗ್ಗಾಗಿ ಓಡುವ ಹಲವು ಮಾದರಿಗಳನ್ನು ಭಾರತಕ್ಕೆ ತರುವಾಗ ತಯಾರಕರೇ ಎತ್ತರಿಸಿ ಕೊಡುತ್ತಾರೆಂಬ ಸಂಗತಿಯನ್ನು ಅವನು ಬಲ್ಲ. ತಾನು ಮಾಡುವುದು ವಿಕಾರವಲ್ಲ, ಕಾರಿಗೆ ಅದರ ಸಹಜರೂಪವನ್ನು ಮರಳಿ ಕೊಡುವ ಕೆಲಸ ಎಂಬುದು ಅವನ ವಾದ. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ತಯಾರಕರು ಆ ಎತ್ತರವನ್ನು ಕೂಡಿಸಿದ್ದು ಏತಕ್ಕೆ ಎಂಬ ಪ್ರಶ್ನೆಗೆ ಉತ್ತರ ಕಾರಿನಲ್ಲಿಲ್ಲ, ರಸ್ತೆಯಲ್ಲಿದೆ.

ಅವನ ತಂದೆಯ ಪೀಳಿಗೆ ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡಿತ್ತು. 1957ರಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಕಾರಿಗೆ ಹಿಂದುಗಡೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಪ್ಲೇಟುಗಳ ಸ್ಪ್ರಿಂಗು. ಅದು ಜಟಕಾದ ಸ್ಪ್ರಿಂಗಿನ ಹತ್ತಿರದ ಬಂಧು. ಹೊರೆ ಹೆಚ್ಚಿದಾಗ ಟ್ಯಾಕ್ಸಿಯವರು ಮೇಸ್ತ್ರಿಯ ಬಳಿಗೆ ಹೋಗಿ ಒಂದು ಪ್ಲೇಟು ಹೆಚ್ಚಿಗೆ ಹಾಕಿಸಿಕೊಳ್ಳುತ್ತಿದ್ದರು. ಕಾರಿನ ಹಿಂಭಾಗ ಒಂದಂಗುಲ ಮೇಲೇರುತ್ತಿತ್ತು. ಅಪ್ಪಂದಿರು ದುಡ್ಡು ಕೊಟ್ಟು ಎತ್ತರಿಸಿದ್ದನ್ನು ಮಕ್ಕಳು ದುಡ್ಡು ಕೊಟ್ಟು ತಗ್ಗಿಸುತ್ತಿದ್ದಾರೆ. ಎರಡು ಕಾಲದಲ್ಲಿಯೂ ಮೇಸ್ತ್ರಿಗೆ ನಷ್ಟವಾಗಲಿಲ್ಲ.

ಸ್ಪ್ರಿಂಗೂ ಅದರ ಕಾವಲುಗಾರನೂ

ಕಾರಿನ ಮೈಗೂ ಚಕ್ರಕ್ಕೂ ನಡುವೆ ಇಬ್ಬರು ಸೇವಕರಿದ್ದಾರೆ. ಒಬ್ಬ ಸ್ಪ್ರಿಂಗು, ಇನ್ನೊಬ್ಬ ಶಾಕ್ ಅಬ್ಸಾರ್ಬರು. ಎರಡನೆಯವನ ಹೆಸರನ್ನು ಕೇಳಿದವರು ರಸ್ತೆಯ ಪೆಟ್ಟನ್ನು ನುಂಗುವವನು ಅವನೇ ಎಂದು ತಿಳಿಯುತ್ತಾರೆ. ಇದು ಹೆಸರಿನಿಂದ ಹುಟ್ಟಿದ ತಪ್ಪುಕಲ್ಪನೆ. ಗುಂಡಿಯ ಪೆಟ್ಟನ್ನು ನುಂಗುವುದು ಸ್ಪ್ರಿಂಗು. ಆದರೆ ಅದು ಋಣ ಇಟ್ಟುಕೊಳ್ಳುವ ಜಾತಿಯದಲ್ಲ. ನುಂಗಿದ ಶಕ್ತಿಯನ್ನೆಲ್ಲ ಮರುಕ್ಷಣದಲ್ಲಿ ಹಿಂದಕ್ಕೆ ಕಕ್ಕುತ್ತದೆ. ಸ್ಪ್ರಿಂಗೊಂದೇ ಇದ್ದ ಪಕ್ಷದಲ್ಲಿ ಒಂದು ಗುಂಡಿಗೆ ಕಾರು ಫರ್ಲಾಂಗು ದೂರ ಕುಣಿಯುತ್ತ ಹೋಗುತ್ತಿತ್ತು. ಈ ಕುಣಿತವನ್ನು ಅಡಗಿಸುವುದೇ ಶಾಕ್ ಅಬ್ಸಾರ್ಬರಿನ ಕೆಲಸ. ಕೊಳವೆಯೊಳಗೆ ಎಣ್ಣೆ, ಎಣ್ಣೆಯಲ್ಲಿ ಮೇಲೆ ಕೆಳಗೆ ಸರಿಯುವ ಪಿಸ್ಟನ್ನು, ಪಿಸ್ಟನ್ನಿನಲ್ಲಿ ಸಣ್ಣ ಸಣ್ಣ ರಂಧ್ರಗಳು, ಅವುಗಳಿಗೆ ತೆಳುವಾದ ಉಕ್ಕಿನ ಬಿಲ್ಲೆಗಳ ಮುಚ್ಚಳ. ಎಣ್ಣೆ ಈ ಇಕ್ಕಟ್ಟಿನ ದಾರಿಯಲ್ಲಿ ನುಸುಳಬೇಕಾದಾಗ ಚಲನೆಯ ಶಕ್ತಿ ಶಾಖವಾಗಿ ಮಾರ್ಪಟ್ಟು ಗಾಳಿಗೆ ಸೇರಿಹೋಗುತ್ತದೆ. ಕೆಟ್ಟ ರಸ್ತೆಯಲ್ಲಿ ಬಹುದೂರ ಓಡಿದ ಕಾರಿನ ಶಾಕ್ ಅಬ್ಸಾರ್ಬರನ್ನು ಮುಟ್ಟಿ ನೋಡಿದವರಿಗೆ ಈ ಮಾತಿನ ಸತ್ಯ ಅಂಗೈಗೇ ತಿಳಿಯುತ್ತದೆ.

ಬ್ಯಾಂಕುಗಳ ಬಾಗಿಲುಗಳಿಗೆ ತಾನೇ ಮುಚ್ಚಿಕೊಳ್ಳುವ ಯಂತ್ರವೊಂದನ್ನು ಜೋಡಿಸಿರುತ್ತಾರಷ್ಟೆ. ಅದರಲ್ಲಿ ಎಣ್ಣೆಯ ತಡೆ ಕಡಮೆಯಾದರೆ ಬಾಗಿಲು ದಡಾರನೆ ಬಡಿದುಕೊಳ್ಳುತ್ತದೆ. ಹೆಚ್ಚಾದರೆ ಒಳಗೆ ಹೋದವನು ಹಣ ಪಡೆದು ಹೊರಗೆ ಬರುವವರೆಗೂ ಅದು ಮುಚ್ಚಿರುವುದಿಲ್ಲ. ಕಾರಿನ ವಿಷಯವೂ ಇಷ್ಟೆ. ಒಮ್ಮೆಯೂ ಮೇಲಕ್ಕೆ ಚಿಮ್ಮದೆ ಸಾವಕಾಶವಾಗಿ ಸ್ವಸ್ಥಾನಕ್ಕೆ ಮರಳುವಂತೆ ಮಾಡಲು ಎಷ್ಟು ತಡೆ ಬೇಕೋ ಅದರ ಸುಮಾರು ಮೂರನೆಯ ಒಂದು ಪಾಲನ್ನು ಮಾತ್ರ ಕುಟುಂಬದ ಕಾರುಗಳಿಗೆ ಇಡುತ್ತಾರೆ. ಅದಕ್ಕಿಂತ ಹೆಚ್ಚಿಸಿದರೆ ರಸ್ತೆಯ ಪ್ರತಿಯೊಂದು ಕಲ್ಲೂ ಪ್ರಯಾಣಿಕರ ಬೆನ್ನಿಗೆ ತನ್ನ ಪರಿಚಯ ಹೇಳಿಕೊಳ್ಳುತ್ತದೆ.

ಇವರಿಬ್ಬರ ದಾಂಪತ್ಯವನ್ನು ತಿಳಿಯದೆ ಕಾರು ತಗ್ಗಿಸಹೊರಟವರು ಮೋಸಹೋಗುವುದು ಸ್ವಾಭಾವಿಕ.

ಅಂಗುಲಗಳ ಲೆಕ್ಕ

ಲೆಕ್ಕದ ಅನುಕೂಲಕ್ಕಾಗಿ ಒಂದು ಸಾಧಾರಣ ಸೆಡಾನ್ ಕಾರನ್ನು ತೆಗೆದುಕೊಳ್ಳಬಹುದು. ಖಾಲಿ ಇರುವಾಗ ಅದರ ಹೊಟ್ಟೆ ನೆಲದಿಂದ 170 ಮಿಲಿಮೀಟರು ಮೇಲಿದೆ ಎನ್ನೋಣ. ನಾಲ್ಕು ಮೂಲೆಗಳಲ್ಲಿ ಒಂದೊಂದರ ಮೇಲೂ 300 ಕಿಲೋಗ್ರಾಂ ಭಾರ. ಪ್ರತಿ ಸ್ಪ್ರಿಂಗನ್ನು ಒಂದು ಮಿಲಿಮೀಟರು ಅದುಮಲು ಸುಮಾರು ಎರಡು ಕಿಲೋಗ್ರಾಂ ತೂಕ ಬೇಕು. ತಂದೆ, ತಾಯಿ, ಅಜ್ಜಿ, ಮಗ, ಸೊಸೆ ಎಂದು ಐದು ಜನರೂ ತಿರುಪತಿಯ ಯಾತ್ರೆಗೆ ಬೇಕಾದ ಗಂಟುಮೂಟೆಗಳೂ ಸೇರಿದರೆ ಸುಮಾರು 365 ಕಿಲೋಗ್ರಾಂ. ಅಷ್ಟಕ್ಕೆ ಕಾರು 45 ಮಿಲಿಮೀಟರು ಕುಸಿಯುತ್ತದೆ. ಉಳಿದದ್ದು 125.

ಇನ್ನು ಹಂಪಿನ ಲೆಕ್ಕ. ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ತಜ್ಞರ ಸಂಸ್ಥೆ 1988ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಹಂಪಿನ ಎತ್ತರ 10 ಸೆಂಟಿಮೀಟರು, ಅಗಲ 3.7 ಮೀಟರು. 17 ಮೀಟರು ತ್ರಿಜ್ಯದ ಭಾರಿ ವೃತ್ತವೊಂದರ ತುಣುಕು ಅದು. ಗಂಟೆಗೆ 25 ಕಿಲೋಮೀಟರು ವೇಗದಲ್ಲಿ ಅದನ್ನು ನೆಮ್ಮದಿಯಾಗಿ ದಾಟಬಹುದೆಂಬುದು ಉದ್ದೇಶ. 10 ಸೆಂಟಿಮೀಟರೆಂದರೆ 100 ಮಿಲಿಮೀಟರು. 125ರಲ್ಲಿ 100 ಹೋದರೆ ಉಳಿಯುವುದು 25 ಮಾತ್ರವೆ ಎಂದು ಗಾಬರಿಪಡಬೇಕಾಗಿಲ್ಲ. ಹಂಪು ಕಾರಿನ ಹೊಟ್ಟೆಯ ನಡುಭಾಗಕ್ಕೆ ಬರುವಾಗ ಮುಂದಿನ ಚಕ್ರಗಳೂ ಹಿಂದಿನ ಚಕ್ರಗಳೂ ಅದೇ ಅಗಲವಾದ ಉಬ್ಬಿನ ಇಳಿಜಾರಿನ ಮೇಲೆಯೇ ಇರುತ್ತವೆ. ಕಾರೂ ಅದರೊಂದಿಗೆ ಮೇಲೇರಿರುತ್ತದೆ. ಎರಡೂವರೆ ಮೀಟರು ಅಂತರದ ಚಕ್ರಗಳುಳ್ಳ ಕಾರಿಗೆ ಇಂಥ ಹಂಪು ನಿಜವಾಗಿ ಕಸಿದುಕೊಳ್ಳುವುದು 46 ಮಿಲಿಮೀಟರು ಮಾತ್ರ. ಶಾಸ್ತ್ರೋಕ್ತವಾಗಿ ಕಟ್ಟಿದ ಹಂಪು ಬಹಳ ಸಾಧುಪ್ರಾಣಿ.

ಆದರೆ ಬೆಂಗಳೂರಿನ ಬಡಾವಣೆಗಳ ಹಂಪುಗಳೆಲ್ಲ ಶಾಸ್ತ್ರವನ್ನೋದಿ ಹುಟ್ಟಿದುವಲ್ಲ. ಮಗುವೊಂದಕ್ಕೆ ಗಾಡಿ ತಗುಲಿದ ಮರುದಿನ ಬೀದಿಯವರು ಸೇರಿ ಉಳಿದ ಜಲ್ಲಿ ಟಾರುಗಳಿಂದ ಎಬ್ಬಿಸಿದ ಗೋಡೆಯಂಥ ಉಬ್ಬುಗಳು ಎಷ್ಟೋ. ಒಂದೂವರೆ ಅಡಿ ಅಗಲದ ಇಂಥ ಉಬ್ಬು ಹೊಟ್ಟೆಯಡಿಗೆ ಬಂದಾಗ ನಾಲ್ಕು ಚಕ್ರಗಳೂ ಸಮನೆಲದಲ್ಲಿರುತ್ತವೆ. ಆದುದರಿಂದ ಎತ್ತರ ಅದೇ 100 ಮಿಲಿಮೀಟರಾದರೂ ಇದು ಪೂರ್ತಿ ನೂರನ್ನೂ ಕಸಿಯುತ್ತದೆ. ಕಾರ್ಖಾನೆಯ ಎತ್ತರದಲ್ಲಿರುವ ಕಾರು 25 ಮಿಲಿಮೀಟರಿನ ಅಂತರದಲ್ಲಿ ಪಾರಾಗುತ್ತದೆ.

ಈಗ ನಮ್ಮ ತರುಣ ತನ್ನ ಕಾರನ್ನು 40 ಮಿಲಿಮೀಟರು ತಗ್ಗಿಸಿ, ನೂರಕ್ಕೆ ಮೂವತ್ತರಷ್ಟು ಹೆಚ್ಚು ಬಿಗಿಯಾದ ಸ್ಪ್ರಿಂಗು ಹಾಕಿಸಿದನೆನ್ನೋಣ. ಬಿಗಿಯಾದ ಸ್ಪ್ರಿಂಗಿನ ಕೃಪೆಯಿಂದ ಐದು ಜನರ ಭಾರಕ್ಕೆ ಕಾರು 45ರ ಬದಲು 35 ಮಿಲಿಮೀಟರಷ್ಟೇ ಕುಸಿಯುತ್ತದೆ. ಆದರೂ ಉಳಿಯುವುದು 95. ಉಬ್ಬು ನೂರು! ಕಾರಿನ ಹೊಟ್ಟೆ ಉಜ್ಜಿತು, ಅಜ್ಜಿ ಇಳಿಯಬೇಕಾಯಿತು. ಅದೇ ತರುಣ 25 ಮಿಲಿಮೀಟರು, ಎಂದರೆ ಒಂದಂಗುಲಕ್ಕೆ ನಿಂತಿದ್ದರೆ 110 ಉಳಿದು, ನಿಧಾನವಾಗಿ ನಡೆಸಿದರೆ ಹೇಗೋ ಪಾರಾಗುತ್ತಿದ್ದ. ಒಂದಂಗುಲಕ್ಕೂ ಒಂದೂವರೆ ಅಂಗುಲಕ್ಕೂ ನಡುವೆ ಅಜ್ಜಿಯ ಮಂಡಿ ಸಿಕ್ಕಿಕೊಂಡಿದೆ.

ಹೊಟ್ಟೆ ಉಜ್ಜುವುದು ಕಣ್ಣಿಗೆ, ಕಿವಿಗೆ ಗೊತ್ತಾಗುವ ಹಾನಿ. ಕಾಣದ ಹಾನಿ ಇನ್ನೊಂದಿದೆ. ಚಕ್ರ ಮೇಲಕ್ಕೆ ಸರಿಯಲು ಸ್ಪ್ರಿಂಗಿಗೆ ಒಂದು ಅವಕಾಶ ಬೇಕು. ಅದು ಮೊದಲು 80 ಮಿಲಿಮೀಟರಿದ್ದು, ತಗ್ಗಿಸಿದ ಮೇಲೆ 40 ಉಳಿಯಿತು ಎಂದು ತಿಳಿಯೋಣ. ಅವಕಾಶ ಅರ್ಧವಾದರೆ ಸ್ಪ್ರಿಂಗು ಇಮ್ಮಡಿ ಬಿಗಿಯಾದರೆ ಸಾಕೆಂದು ಯಾರಿಗಾದರೂ ತೋರುತ್ತದೆ. ಸಾಲದು. ಸ್ಪ್ರಿಂಗಿನಲ್ಲಿ ಅಡಗುವ ಶಕ್ತಿ ಅದು ಕುಗ್ಗಿದ ದೂರದ ವರ್ಗವನ್ನು ಅನುಸರಿಸುತ್ತದೆ. ಆದ್ದರಿಂದ ಅದೇ ಗುಂಡಿಯ ಅದೇ ಪೆಟ್ಟನ್ನು ಅರ್ಧ ದೂರದಲ್ಲಿ ನುಂಗಲು ನಾಲ್ಮಡಿ ಬಿಗಿ ಬೇಕು. ಮೊದಲು ಸೆಕೆಂಡಿಗೆ 1.3 ಸಲ ತೂಗುತ್ತಿದ್ದ ಕಾರು ಆಗ 2.6 ಸಲ ಕುಲುಕುತ್ತದೆ. ಸೆಕೆಂಡಿಗೆ ಒಂದರಿಂದ ಒಂದೂವರೆ ಸಲದ ತೂಗಾಟ ತೊಟ್ಟಿಲಿಗೆ ಹತ್ತಿರ. ನಾಲ್ಕರಿಂದ ಎಂಟು ಸಲದ ಕುಲುಕನ್ನು ಕುಳಿತ ಮನುಷ್ಯನ ದೇಹ ಎಲ್ಲಕ್ಕಿಂತ ಕಡಮೆ ಸಹಿಸುತ್ತದೆ. ಸ್ಪ್ರಿಂಗನ್ನು ಬಿಗಿ ಮಾಡುತ್ತ ಹೋದಂತೆ ಕಾರು ತೊಟ್ಟಿಲನ್ನು ಬಿಟ್ಟು ಆ ಕಡೆಗೆ ಸಾಗುತ್ತದೆ. ಬಿಗಿ ಮಾಡದೆ ಬಿಟ್ಟರೋ, ಪ್ರತಿಯೊಂದು ಗುಂಡಿಯಲ್ಲಿಯೂ ಸ್ಪ್ರಿಂಗಿನ ಅವಕಾಶ ಮುಗಿದು, ಕೊನೆಯಲ್ಲಿರುವ ರಬ್ಬರಿನ ತಡೆಗಟ್ಟೆಗೆ ಧಡ್ಡೆಂದು ಬಡಿಯುತ್ತದೆ. ಆ ರಬ್ಬರು ಪುಡಿಯಾದ ಮೇಲೆ ಪೆಟ್ಟು ನೇರವಾಗಿ ಕಾರಿನ ಮೈಗೆ.

ಇಷ್ಟೆಲ್ಲ ಕಳೆದುಕೊಂಡು ಪಡೆಯುವುದೇನು? ಲಾಭವಿಲ್ಲದೆ ಇಲ್ಲ. ಕಾರಿನ ಗುರುತ್ವಕೇಂದ್ರ 550 ಮಿಲಿಮೀಟರು ಎತ್ತರದಲ್ಲಿದೆ ಎಂದರೆ ಒಂದಂಗುಲದ ಇಳಿಕೆಯಿಂದ ತಿರುವಿನಲ್ಲಿ ಒಂದು ಬದಿಯಿಂದ ಮತ್ತೊಂದು ಬದಿಗೆ ಹೊರಳುವ ಭಾರ ನೂರಕ್ಕೆ ನಾಲ್ಕೂವರೆಯಷ್ಟು ಕಡಮೆಯಾಗುತ್ತದೆ. ಮದ್ರಾಸಿನ ಬಳಿಯ ಷೋಲಾವರಂ ಹಳೆಯ ವಿಮಾನದಾಣದಲ್ಲಿ ಮೋಟಾರು ಪಂದ್ಯಗಳು ನಡೆಯುತ್ತಿದ್ದ ಕಾಲದಿಂದಲೂ, 1990ರ ನಂತರ ಇರುಂಗಾಟ್ಟುಕೋಟ್ಟೈ ಪಥದಲ್ಲಿಯೂ, ಪಂದ್ಯದ ಕಾರುಗಳನ್ನು ತಗ್ಗಿಸುವುದು ಈ ಲಾಭಕ್ಕಾಗಿಯೆ. ಅಲ್ಲಿ ಹಂಪಿಲ್ಲ, ಗುಂಡಿಯಿಲ್ಲ, ಹಿಂದಿನ ಸೀಟಿನಲ್ಲಿ ಅಜ್ಜಿಯೂ ಇಲ್ಲ. ವೈಟ್‌ಫೀಲ್ಡಿನ ಸಂಜೆಯ ವಾಹನಸಂದಣಿಯಲ್ಲಿ ಗಂಟೆಗೆ ಹತ್ತು ಕಿಲೋಮೀಟರಿನಂತೆ ತೆವಳುವವನಿಗೆ ಆ ನಾಲ್ಕೂವರೆಯನ್ನು ಎಲ್ಲಿ ಖರ್ಚುಮಾಡಬೇಕೆಂಬುದೇ ಸಮಸ್ಯೆ. ಅತಿಯಾಗಿ ತಗ್ಗಿಸಿದಾಗ ಲಾಭವೇ ತಲೆಕೆಳಗಾಗುವುದೂ ಉಂಟು. ಇಂದಿನ ಹೆಚ್ಚಿನ ಸಣ್ಣ ಕಾರುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಎಂಬ ಇಂಜಿನಿಯರನ ಹೆಸರಿನ ಸ್ಟ್ರಟ್ಟು. ಅದರ ಕೆಳಗಿನ ತೋಳು ಒಂದು ಮಿತಿಯನ್ನು ಮೀರಿ ಓರೆಯಾದರೆ ಕಾರಿನ ಮೈ ಹೊರಳುವ ಕೇಂದ್ರ ಗುರುತ್ವಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ತಗ್ಗಿಸಿದ ಕಾರು ಮೊದಲಿಗಿಂತ ಹೆಚ್ಚಾಗಿ ವಾಲತೊಡಗುತ್ತದೆ.

ಮಳೆಗಾಲದ ಮಾತು ಬೇರೆ. 2022ರ ಸೆಪ್ಟೆಂಬರಿನ ಮೊದಲ ವಾರದ ಮಳೆಯನ್ನು ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಗಳ ಜನ ಮರೆತಿಲ್ಲ. ಕಂಪ್ಯೂಟರು ಕಂಪೆನಿಗಳ ನೌಕರರು ಟ್ರ್ಯಾಕ್ಟರುಗಳಲ್ಲಿ ಕುಳಿತು ಕಚೇರಿಗೆ ಹೋದರು. ಲಕ್ಷಗಟ್ಟಲೆ ಬೆಲೆಯ ಕಾರುಗಳು ನೀರಿನಲ್ಲಿ ತಲೆಯಷ್ಟೇ ತೋರಿಸಿ ನಿಂತವು. ಅಂಥ ಪ್ರಳಯದಲ್ಲಿ ಒಂದಂಗುಲದ ಎತ್ತರ ಯಾರನ್ನೂ ಕಾಯದು. ಆದರೆ ಪ್ರತಿ ವರ್ಷ ಅಂಡರ್‌ಪಾಸಿನಲ್ಲಿ ಮೊಣಕಾಲುದ್ದ ನಿಲ್ಲುವ ನೀರಿನಲ್ಲಿ ಅದು ಕಾಯುತ್ತದೆ. ಇಂಜಿನು ಗಾಳಿಯೆಳೆಯುವ ಬಾಯಿ ಕಾರಿನೊಂದಿಗೇ ತಗ್ಗುತ್ತದಷ್ಟೆ. ಗಾಳಿಯ ಬದಲು ನೀರು ಒಳಹೊಕ್ಕರೆ, ನೀರು ಕುಗ್ಗುವ ವಸ್ತುವಲ್ಲವಾದ್ದರಿಂದ, ಕನೆಕ್ಟಿಂಗ್ ರಾಡು ಬಾಗಿ ಇಂಜಿನೇ ಕೈಬಿಡುತ್ತದೆ.

ಗರಗಸದ ಮೇಸ್ತ್ರಿ

ಇಷ್ಟೆಲ್ಲವನ್ನೂ ತಿಳಿದೂ ಒಂದಂಗುಲ ತಗ್ಗಿಸಲೇಬೇಕೆಂಬ ಹಟ ಉಳಿಯುವವರು ಇದ್ದಾರೆ. ಆಸೆಗೆ ಲೆಕ್ಕ ಹಾಕಿ ಯಾರೂ ಮದ್ದು ಕಂಡುಹಿಡಿದಿಲ್ಲ. ಅಂಥವರಿಗೆ ಮೊದಲು ಎದುರಾಗುವ ಪ್ರಲೋಭನೆ ಅತ್ಯಂತ ಅಗ್ಗದ್ದು: ಇರುವ ಸ್ಪ್ರಿಂಗಿನ ಒಂದು ಸುತ್ತನ್ನು ಕತ್ತರಿಸಿಬಿಡುವುದು. ಅರ್ಧ ದಿನದ ಕೆಲಸ, ಖರ್ಚೂ ಅಲ್ಪ. ಕತ್ತರಿಸಿದ ಸ್ಪ್ರಿಂಗು ಮೃದುವಾಗುತ್ತದೆಂದು ಹಲವರ ನಂಬಿಕೆ. ಆಗುವುದು ಇದಕ್ಕೆ ವಿರುದ್ಧ. ಆರು ಸುತ್ತಿನಲ್ಲಿ ಒಂದನ್ನು ತೆಗೆದರೆ ಉಳಿದ ಐದು ಸುತ್ತು ನೂರಕ್ಕೆ ಇಪ್ಪತ್ತರಷ್ಟು ಹೆಚ್ಚು ಬಿಗಿಯಾಗುತ್ತದೆ. ಅಷ್ಟರಮಟ್ಟಿಗೆ ಅನುಕೂಲವೇ ಎನ್ನಬಹುದು. ತೊಂದರೆ ಇರುವುದು ತುದಿಯಲ್ಲಿ. ಸ್ಪ್ರಿಂಗಿನ ತುದಿಯನ್ನು ಅದು ಕುಳಿತುಕೊಳ್ಳುವ ಬಟ್ಟಲಿಗೆ ಹೊಂದುವಂತೆ ಕಾರ್ಖಾನೆಯಲ್ಲಿ ರೂಪಿಸಿರುತ್ತಾರೆ. ಕತ್ತರಿಸಿದ ಮೊಂಡುತುದಿ ಬಟ್ಟಲಿನಲ್ಲಿ ಸರಿಯಾಗಿ ಕೂರದು. ಜ್ಯಾಕ್ ಹಾಕಿ ಎತ್ತಿದಾಗ, ಅಥವಾ ಚಕ್ರ ಆಳವಾದ ಗುಂಡಿಗಿಳಿದು ಜೋತಾಡಿದಾಗ, ಗಿಡ್ಡವಾದ ಸ್ಪ್ರಿಂಗು ಬಟ್ಟಲಿನಿಂದ ಸಡಿಲಿ ಜಾರುವ ಅಪಾಯವಿದೆ. ಓಡುವ ಕಾರಿನಲ್ಲಿ ಸ್ಪ್ರಿಂಗು ಸ್ಥಾನ ಬಿಡುವುದೆಂದರೇನೆಂದು ವಿವರಿಸಬೇಕಾಗಿಲ್ಲ. ಇದಕ್ಕಿಂತಲೂ ಕೆಟ್ಟದ್ದು ಗ್ಯಾಸಿನ ಬೆಂಕಿಯಿಂದ ಸ್ಪ್ರಿಂಗನ್ನು ಕೆಂಪಗೆ ಕಾಯಿಸಿ ಕುಗ್ಗಿಸುವ ವಿದ್ಯೆ. ಅದರಿಂದ ಉಕ್ಕಿನ ಹದವೇ ಹೋಗುತ್ತದೆ.

ಹದದ ಬೆಲೆಯನ್ನು ಪೀಣ್ಯದವರನ್ನು ಕೇಳಬೇಕು. ಏಷ್ಯಾದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲೊಂದೆಂದು ಹೆಸರಾದ ಪೀಣ್ಯದಲ್ಲಿ ಲೇತುಗಳ ಶಾಲೆಗಳೂ, ಉಕ್ಕಿಗೆ ಹದ ಕೊಡುವ ಕುಲುಮೆಗಳೂ, ಕ್ರೋಮಿಯಂ ಲೇಪದ ತೊಟ್ಟಿಗಳೂ ಬೀದಿಬೀದಿಗಳಲ್ಲಿವೆ. ಒಳ್ಳೆಯ ಸ್ಪ್ರಿಂಗು ಬರಿಯ ಸುತ್ತಿದ ಸರಳಲ್ಲ. ಸಿಲಿಕಾನು ಕ್ರೋಮಿಯಂ ಬೆರೆತ ಉಕ್ಕಿನ ಸರಳನ್ನು ಸುತ್ತಿ, ಹದಗೊಳಿಸಿ, ಅದರ ಮೈಮೇಲೆ ಸಣ್ಣ ಉಕ್ಕಿನ ಗುಂಡುಗಳ ಮಳೆಗರೆದು ಮೇಲ್ಮೈಯನ್ನು ಗಟ್ಟಿಗೊಳಿಸುತ್ತಾರೆ. ಬಿರುಕು ಹುಟ್ಟುವುದು ಮೇಲ್ಮೈಯಲ್ಲಾದ್ದರಿಂದ ಈ ಗುಂಡಿನ ಪೆಟ್ಟು ಸ್ಪ್ರಿಂಗಿನ ಆಯುಷ್ಯವನ್ನು ಹೆಚ್ಚಿಸುತ್ತದೆ. ಅನಂತರ ಪೂರ್ತಿಯಾಗಿ ಅದುಮಿ ಬಿಟ್ಟು ಅದರ ಎತ್ತರವನ್ನು ಸ್ಥಿರಗೊಳಿಸಿ, ತುಕ್ಕು ಹಿಡಿಯದಂತೆ ಲೇಪ ಕೊಡುತ್ತಾರೆ. ಇಷ್ಟು ಸಂಸ್ಕಾರಗಳನ್ನು ಪಡೆದ ವಸ್ತುವಿಗೆ ಗರಗಸ ಹಚ್ಚುವುದನ್ನು ಕಂಡರೆ, ಪೀಣ್ಯದ ಕುಲುಮೆಯ ಮುಂದೆ ಮೂವತ್ತು ವರ್ಷ ನಿಂತು ನಿವೃತ್ತನಾದ ತಂದೆಗೆ ಮಗನ ಮೇಲೆ ಮುನಿಸು ಬಂದರೆ ಅದು ಹಳೆಗಾಲದವನ ಗೊಣಗಾಟವೆನ್ನಲಾಗದು.

ಆದುದರಿಂದ ತಗ್ಗಿಸಲೆಂದೇ ಆ ಮಾದರಿಯ ಕಾರಿಗಾಗಿ ತಯಾರಿಸಿದ ಗಿಡ್ಡ ಸ್ಪ್ರಿಂಗುಗಳನ್ನು ನಾಲ್ಕೂ ಒಟ್ಟಿಗೆ ಕೊಳ್ಳುವುದೊಂದೇ ಮರ್ಯಾದೆಯ ದಾರಿ.

ಶಾಕ್ ಅಬ್ಸಾರ್ಬರಿನ ಆಯ್ಕೆ

ಸ್ಪ್ರಿಂಗು ಬದಲಾದ ಮೇಲೆ ಹಳೆಯ ಶಾಕ್ ಅಬ್ಸಾರ್ಬರೇ ಸಾಕೆ? ಗ್ಯಾರೇಜುಗಳಲ್ಲಿ ಅತಿ ಹೆಚ್ಚು ತಪ್ಪು ಉತ್ತರ ದೊರೆಯುವುದು ಈ ಪ್ರಶ್ನೆಗೆ. ಸ್ಪ್ರಿಂಗಿನ ಬಿಗಿ ನೂರಕ್ಕೆ ಮೂವತ್ತು ಹೆಚ್ಚಿದರೆ ಅದನ್ನು ಹತೋಟಿಯಲ್ಲಿಡಲು ಎಣ್ಣೆಯ ತಡೆಯೂ ನೂರಕ್ಕೆ ಹದಿನಾಲ್ಕರಷ್ಟು ಹೆಚ್ಚಬೇಕು. ಅದು ಬಿಗಿಯ ವರ್ಗಮೂಲವನ್ನನುಸರಿಸುವ ಲೆಕ್ಕ. ಹೊಸದಾದ, ಗಟ್ಟಿಮುಟ್ಟಾದ ಶಾಕ್ ಅಬ್ಸಾರ್ಬರಿಗೆ ಹದಿನಾಲ್ಕು ಭಾರಿ ಕೊರತೆಯಲ್ಲ. ಆದರೆ ಐದಾರು ವರ್ಷ ಬೆಂಗಳೂರಿನ ಗುಂಡಿಗಳಲ್ಲಿ ಸವೆದ ಮುದಿ ಶಾಕ್ ಅಬ್ಸಾರ್ಬರಿಗೆ ಹಳೆಯ ಸ್ಪ್ರಿಂಗೇ ಮಾತು ಕೇಳುತ್ತಿರುವುದಿಲ್ಲ; ಹೊಸ ಬಿಗಿ ಸ್ಪ್ರಿಂಗು ಕೇಳುವುದುಂಟೆ?

ತಡೆಗಿಂತ ಮುಖ್ಯವಾದದ್ದು ಉದ್ದ. ಕಾರು ತಗ್ಗಿದಾಗ ಶಾಕ್ ಅಬ್ಸಾರ್ಬರಿನ ಪಿಸ್ಟನ್ನು ಕೊಳವೆಯ ನಡುವಿನಲ್ಲಿರದೆ ತಳದ ಕಡೆಗೆ ಸರಿದು ನಿಲ್ಲುತ್ತದೆ. ದೊಡ್ಡ ಗುಂಡಿ ಬಂದಾಗ ಅದು ತಳದ ಕವಾಟಕ್ಕೆ ಬಡಿದು, ಕವಾಟ ಒಡೆದು, ಕೆಲವೇ ತಿಂಗಳಲ್ಲಿ ಎಣ್ಣೆ ಸೋರತೊಡಗುತ್ತದೆ. ಒಂದಂಗುಲದವರೆಗಿನ ಇಳಿಕೆಯನ್ನು ಒಳ್ಳೆಯ ಮೂಲ ಶಾಕ್ ಅಬ್ಸಾರ್ಬರುಗಳು ಹೇಗೋ ಸಹಿಸಿಯಾವು. ಅದಕ್ಕಿಂತ ಹೆಚ್ಚಾದರೆ ಗಿಡ್ಡವಾದ ಶಾಕ್ ಅಬ್ಸಾರ್ಬರುಗಳೇ ಬೇಕು. ಸ್ಪ್ರಿಂಗು ಚಕ್ರದ ಜೋತಾಟದಲ್ಲಿ ಸಡಿಲಾಗದಂತೆ ಹಿಡಿದಿಡುವುದೂ ಅವೇ.

ಅಂಗಡಿಯವನು ಒಂದೇ ಕೊಳವೆಯದು ಬೇಕೋ ಜೋಡಿ ಕೊಳವೆಯದು ಬೇಕೋ ಎಂದು ಕೇಳುತ್ತಾನೆ. ಜೋಡಿ ಕೊಳವೆಯದು ಅಗ್ಗ, ಮೃದು, ಸಹನಶೀಲ. ಹೊರಗಿನ ಕೊಳವೆಗೆ ಕಲ್ಲು ಸಿಡಿದು ನೆಗ್ಗಿದರೂ ಒಳಗಿನ ಪಿಸ್ಟನ್ನಿಗೆ ಅಡ್ಡಿಯಿಲ್ಲ. ಆದರೆ ಎಡೆಬಿಡದ ಕುಲುಕಾಟದಲ್ಲಿ ಅದರ ಎಣ್ಣೆ ಕಾದು ನೊರೆಗಟ್ಟುತ್ತದೆ. ನೊರೆಗೆ ತಡೆಯುವ ಶಕ್ತಿ ಇಲ್ಲ. ಇದನ್ನು ಕಡಮೆಮಾಡಲು ಅನೇಕರು ಅದಕ್ಕೆ ಅಲ್ಪ ಒತ್ತಡದ ನೈಟ್ರೋಜನ್ ಅನಿಲ ತುಂಬುತ್ತಾರೆ. ಫ್ರಾನ್ಸಿನ ಬೂರ್ಸಿಯೆ ದ ಕಾರ್ಬೋನ್ ಎಂಬ ವಿಜ್ಞಾನಿ ರೂಪಿಸಿದ ಒಂದೇ ಕೊಳವೆಯದರಲ್ಲಿ ಅನಿಲ ಹೆಚ್ಚಿನ ಒತ್ತಡದಲ್ಲಿ ಪ್ರತ್ಯೇಕ ಕೋಣೆಯಲ್ಲಿರುತ್ತದೆ. ಎಣ್ಣೆ ನೊರೆಗಟ್ಟುವುದಿಲ್ಲ, ಶಾಖವೂ ಬೇಗ ಹೊರಹೋಗುತ್ತದೆ. ಘಾಟಿರಸ್ತೆಗಳಲ್ಲಿ ವೇಗವಾಗಿ ಹೋಗುವವರಿಗೆ ಅದು ಮೇಲು. ಆದರೆ ಅದರ ಹೊರಗೋಡೆಯೇ ಪಿಸ್ಟನ್ನು ಸರಿಯುವ ಗೋಡೆಯೂ ಆದ್ದರಿಂದ ಒಂದು ಕಲ್ಲಿನ ನೆಗ್ಗು ಸಾಕು, ಅದರ ಕಥೆ ಮುಗಿಯಿತು. ಮೆಟ್ರೋ, ಮೇಲ್ಸೇತುವೆಗಳ ಕಾಮಗಾರಿಯ ಜಲ್ಲಿ ಚೆಲ್ಲಿದ ರಸ್ತೆಗಳಲ್ಲಿ ದಿನವೂ ಓಡಾಡುವ ಕುಟುಂಬದ ಕಾರಿಗೆ ಅನಿಲ ತುಂಬಿದ ಜೋಡಿ ಕೊಳವೆಯದೇ ಹೆಚ್ಚು ಹೊಂದುತ್ತದೆ, ಬೆಲೆಯಲ್ಲಿಯೂ ಉಳಿತಾಯ. ಅದನ್ನು ಹುಡುಕಿಕೊಂಡು ಕಡಲಾಚೆಗೆ ಹೋಗಬೇಕಾಗಿಲ್ಲ. 1961ರಲ್ಲಿ ಮುಂಬಯಿಯಲ್ಲಿ ಶಾಕ್ ಅಬ್ಸಾರ್ಬರುಗಳ ತಯಾರಿಕೆ ಆರಂಭಿಸಿದ ಗೇಬ್ರಿಯಲ್ ಇಂಡಿಯಾ ಸಂಸ್ಥೆಯ ಒಂದು ಕಾರ್ಖಾನೆ ಎಲೆಕ್ಟ್ರಾನಿಕ್ ಸಿಟಿಯಿಂದ ಅದೇ ಹೆದ್ದಾರಿಯಲ್ಲಿ ಮುಂದೆ ಸಿಕ್ಕುವ ಹೊಸೂರಿನಲ್ಲಿಯೇ ಇದೆ. ಬಿಡಿಭಾಗಗಳಿಗೆ ಜೆ.ಸಿ. ರಸ್ತೆಯಂತೂ ಇದ್ದೇ ಇದೆ.

ಗಟ್ಟಿಯಾದಷ್ಟೂ ಒಳ್ಳೆಯದೆಂಬ ಭ್ರಮೆಯೊಂದು ತರುಣರಲ್ಲಿ ಪ್ರಬಲವಾಗಿದೆ. ತಿರುಗುಗುಂಡಿಯಿಂದ ತಡೆಯನ್ನು ಹೆಚ್ಚುಕಡಮೆ ಮಾಡಬಲ್ಲ ದುಬಾರಿ ಶಾಕ್ ಅಬ್ಸಾರ್ಬರುಗಳನ್ನು ಕೊಂಡವರು ಆ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ ಕೃತಾರ್ಥರಾಗುತ್ತಾರೆ. ಹೊಸೂರು ರಸ್ತೆಯಲ್ಲಿ ಒಂದರ ಹಿಂದೊಂದು ಐದಾರು ಪಟ್ಟೆಗಳಂತೆ ಹಾಕಿರುವ ಸಣ್ಣ ಉಬ್ಬುಗಳ ಮೇಲೆ ಇದರ ಫಲ ಕಾಣಬಹುದು. ಮೊದಲ ಪಟ್ಟೆಗೆ ಕುಗ್ಗಿದ ಸ್ಪ್ರಿಂಗು ಮತ್ತೆ ಹಿಗ್ಗುವುದಕ್ಕೆ ಶಾಕ್ ಅಬ್ಸಾರ್ಬರು ಬಿಡುವುದಿಲ್ಲ. ಅಷ್ಟರಲ್ಲಿ ಎರಡನೆಯದು ಬರುತ್ತದೆ, ಮೂರನೆಯದು ಬರುತ್ತದೆ. ಕಾರು ಹೆಜ್ಜೆಹೆಜ್ಜೆಗೂ ಕೆಳಕ್ಕೆ ಕುಸಿಯುತ್ತ ಹೋಗಿ ಕೊನೆಯ ಪಟ್ಟೆಗೆ ಬರುವ ವೇಳೆಗೆ ರಬ್ಬರಿನ ಮೇಲೆ ಕುಳಿತಿರುತ್ತದೆ. ದುಡ್ಡು ಕೊಟ್ಟು ಎತ್ತಿನಗಾಡಿಯನ್ನು ಕೊಂಡಂತಾಯಿತು.

ಕಾನೂನಿನ ಮಾತನ್ನೂ ಇಲ್ಲಿ ಹೇಳಬೇಕು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿ ಕಾಣಿಸಿದ ವಿವರಗಳು ತಯಾರಕರು ಮೊದಲು ಗೊತ್ತುಮಾಡಿದ್ದಕ್ಕಿಂತ ಭಿನ್ನವಾಗುವಂತೆ ಮಾಲಿಕನು ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಕೇರಳದ ಮೊಕದ್ದಮೆಯೊಂದರಲ್ಲಿ ಈ ನಿಷೇಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಅಕ್ರಮ ಮಾರ್ಪಾಟು ಮಾಡಿದ ಮಾಲಿಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಇಲ್ಲವೆ ಎರಡನ್ನೂ ವಿಧಿಸಿತು. ನೋಂದಣಿ ಪತ್ರದಲ್ಲಿ ನೆಲದಿಂದ ಎತ್ತರವೆಂಬ ಅಂಕಣವಿಲ್ಲವೆಂದು ವಾದಿಸುವವರುಂಟು. ಆ ವಾದವನ್ನು ರಸ್ತೆಬದಿಯಲ್ಲಿ ಪೊಲೀಸಿನವರೊಡನೆ ಮಾಡುವುದಕ್ಕಿಂತ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಜಾಣತನ. ಕೆಎ 51 ಸಂಖ್ಯೆಯವರಿಗೆ ಎಲೆಕ್ಟ್ರಾನಿಕ್ ಸಿಟಿ, ಕೆಎ 53ರವರಿಗೆ ಕೃಷ್ಣರಾಜಪುರ. ವಿಮಾ ಕಂಪೆನಿಗೂ ಬರಹದಲ್ಲಿ ತಿಳಿಸುವುದು ಅವಶ್ಯ. ಅಪಘಾತದ ಮರುದಿನ ತಿಳಿಸಿದರೆ ಅವರಿಗೆ ಬೇರೆಯ ಅರ್ಥ ಹೊಳೆಯುತ್ತದೆ.

ಇನ್ನೊಂದು ಸಂಗತಿಯನ್ನು ಗ್ಯಾರೇಜಿನವರು ಹೇಳಲು ಮರೆಯುತ್ತಾರೆ. ಕಾರು ಸಡಿಲವಾಗಿ ವಾಲುತ್ತದೆ, ತಗ್ಗಿಸಿದರೆ ಸರಿಹೋದೀತು ಎಂದುಕೊಂಡು ಬರುವವರಲ್ಲಿ ಎಷ್ಟೋ ಜನರ ಕಾರಿಗೆ ಬೇಕಾಗಿರುವುದು ಹೊಸ ಶಾಕ್ ಅಬ್ಸಾರ್ಬರು ಮಾತ್ರ. ಮನೆಯ ಮುಂದೆಯೇ ಪರೀಕ್ಷಿಸಬಹುದು. ಕಾರಿನ ಒಂದು ಮೂಲೆಯನ್ನು ಎರಡು ಕೈಗಳಿಂದ ಬಲವಾಗಿ ಅದುಮಿ ಬಿಟ್ಟರೆ ಅದು ಮೇಲೆದ್ದು ಒಂದು ತೂಗಿಗೆ ನಿಲ್ಲಬೇಕು. ಎರಡು ಮೂರು ಸಲ ತಲೆದೂಗಿದರೆ ಶಾಕ್ ಅಬ್ಸಾರ್ಬರು ಸೋತಿದೆಯೆಂದರ್ಥ. ಕೊಳವೆಯ ಮೇಲೆ ತೆಳುವಾದ ಎಣ್ಣೆಯ ಪಸೆ ಇದ್ದರೆ ಚಿಂತೆಯಿಲ್ಲ. ತೊಟ್ಟಿಕ್ಕುತ್ತಿದ್ದರೆ, ಧೂಳು ಕೆಸರಾಗಿ ಅಂಟಿದ್ದರೆ, ಅದರ ಕಾಲ ಮುಗಿಯಿತು. ಬದಲಿಸುವಾಗ ಎಡಬಲ ಎರಡನ್ನೂ ಒಟ್ಟಿಗೆ ಬದಲಿಸಬೇಕು, ಮೇಲಿನ ರಬ್ಬರಿನ ಮೌಂಟನ್ನೂ ತಡೆಗಟ್ಟೆಯನ್ನೂ ಹೊಸದಾಗಿ ಹಾಕಿಸಬೇಕು. ಕಾರ್ಖಾನೆಯ ಎತ್ತರದಲ್ಲಿಯೇ ನಿಂತು, ನಾಲ್ಕು ಹೊಸ ಶಾಕ್ ಅಬ್ಸಾರ್ಬರುಗಳನ್ನು ಪಡೆದ ಕಾರನ್ನು ಒಂದು ದಿನ ಓಡಿಸಿ ನೋಡಿದ ಮೇಲೆ ತಗ್ಗಿಸುವ ಆಸೆಯನ್ನು ಕೈಬಿಟ್ಟವರೂ ಇದ್ದಾರೆ. ಕೈಬಿಡದವರೂ ಇದ್ದಾರೆ.

ಕೈಬಿಡದವರು ಸ್ಪ್ರಿಂಗು ಹಾಕಿಸಿದ ಕೂಡಲೆ ಮನೆಗೆ ಹೊರಡಬಾರದು. ಕಾರು ತಗ್ಗಿದಾಗ ಚಕ್ರಗಳು ಒಳಕ್ಕೆ ವಾಲಿ, ಅವುಗಳ ದಿಕ್ಕೂ ತುಸು ಬದಲಾಗಿರುತ್ತದೆ. ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರುಗಳ ಒಳಅಂಚು ಹೊರಗಿನಿಂದ ಕಾಣದಂತೆ ಸವೆದು ನೂಲು ಬಿಡುತ್ತದೆ. ಹೊಸ ಸ್ಪ್ರಿಂಗು ಕೆಲವು ದಿನ ಓಡಿದ ಮೇಲೆ ಇನ್ನಷ್ಟು ಕುಳಿತುಕೊಳ್ಳುವುದರಿಂದ ಇದನ್ನು ಎರಡನೆಯ ಸಲವೂ ನೋಡಿಸಬೇಕು. ಮುಂದಿನ ದೀಪಗಳ ಗುರಿಯನ್ನೂ ಸರಿಪಡಿಸಬೇಕು. ಕಳಚಿದ ಹಳೆಯ ಸ್ಪ್ರಿಂಗುಗಳನ್ನು ಮೇಸ್ತ್ರಿ ಗುಜರಿಗೆ ಹಾಕುವ ಮೊದಲೇ ಕೇಳಿ ಪಡೆದುಕೊಂಡು, ಎಣ್ಣೆ ಸವರಿ, ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿ ಅಟ್ಟದ ಮೇಲಿಡತಕ್ಕದ್ದು. ಕಾರು ಮಾರುವ ದಿನ ಕೊಳ್ಳುವವನು ಮೊದಲು ಬಗ್ಗಿ ನೋಡುವುದು ಚಕ್ರದ ಮೇಲಿನ ಆ ನಾಲ್ಕು ಬೆರಳಿನ ಬಯಲನ್ನೇ.